ಪೂಜೆಗಿಟ್ಟ ಕಾರ್ಡು

ನವೆಂಬರ್ ಹದಿನೇಳು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗೋಕುಲ ರಸ್ತೆಯ ಹತ್ತಿ ವ್ಯಾಪಾರಿ ನೀಲಕಂಠಪ್ಪ ಹುಬ್ಬಳ್ಳಿಯ ಸೈಬರ್ ಠಾಣೆಗೆ ಬಂದರು. ದೂರಿನ ಜೊತೆಗೆ ಕಳ್ಳನ ಹೆಸರನ್ನೂ ತಂದಿದ್ದರು. ಇನ್‌ಸ್ಪೆಕ್ಟರ್ ದಾಕ್ಷಾಯಿಣಿಗೆ ಇಂಥ ದೂರುದಾರರೆಂದರೆ ತಲೆನೋವು. ತನಿಖೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬಂದವರಿಂದ ಠಾಣೆಗೆ ಕೆಲಸ ದುಪ್ಪಟ್ಟಾಗುತ್ತದೆ.

"ಯಾರೋ ನನ್ನ ಕಾರ್ಡಿನಿಂದ ವಿದೇಶದ ಗಡಿಯಾರದ ಅಂಗಡ್ಯಾಗ ಒಂದೂಕಾಲು ಲಕ್ಷದ್ದು ಖರೀದಿ ಮಾಡ್ಯಾರ್ರಿ. ಓಟಿಪಿ ಸೈತ ಬಂದಿಲ್ಲ."

"ಯಾರ ಮ್ಯಾಲ ಸಂಶಯ ಐತ್ರಿ?"

"ಸಂಶಯ ಅಲ್ರಿ, ಖಾತ್ರಿ. ನಮ್ಮ ಅಂಗಡಿ ಲೆಕ್ಕ ನೋಡೋ ಮೆರ್ಲಿನ್. ರೈಲು ಟಿಕೆಟ್ ತಗಸೂಮುಂದ ಕಾರ್ಡಿನ ಹಿಂದಿನ ಮೂರಂಕಿ ಆಕಿಗೆ ಓದಿ ಹೇಳತೇನಿ. ಆಕಿ ಬಿಟ್ರ ಯಾರಿಗೂ ಗೊತ್ತಿಲ್ಲ. ಶನಿವಾರನ ಕೀಲಿ ಕಸಗೊಂಡು ಮನಿಗೆ ಕಳಿಸೇನಿ."

ಹೆಡ್ ಕಾನ್‌ಸ್ಟೆಬಲ್ ನಿಜಾಮುದ್ದೀನ ಎಫ್ಐಆರ್ ದಾಖಲಿಸಿದ. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದೇ ಬರೆಯುವಂತೆ ದಾಕ್ಷಾಯಿಣಿ ಹೇಳಿದರು. ನೀಲಕಂಠಪ್ಪನವರ ಮುಖ ಗಂಟಾಯಿತು.

ಮಧ್ಯಾಹ್ನ ಮೆರ್ಲಿನ್ ತಾನಾಗಿಯೇ ಬಂದಳು. ಇಪ್ಪತ್ತಾರರ ಹುಡುಗಿ, ಅತ್ತು ಕಣ್ಣು ಕೆಂಪಾಗಿದ್ದವು.

"ಮೂರಂಕಿ ಗೊತ್ತಿತ್ತೇನು?"

"ಗೊತ್ತಿತ್ತ್ರಿ ಮೇಡಂ. ನಾನು ತಗೊಂಡಿಲ್ರಿ. ನಿನ್ನೆ ಚರ್ಚಿನ್ಯಾಗ ನಮ್ಮ ಬಾಜೂಕ ಯಾರೂ ಕುಂಡ್ರಲಿಲ್ರಿ. ಅವ್ವ ಪ್ರಾರ್ಥನಾ ಮುಗಿಯೂಕಿಂತ ಮೊದಲ ಎದ್ದು ಬಂದ್ಲು."

ಮೊಬೈಲನ್ನು ಕೇಳುವ ಮೊದಲೇ ಮೇಜಿನ ಮೇಲಿಟ್ಟಳು. ಅದರಲ್ಲಿ ಏನೂ ಸಿಗಲಿಲ್ಲ. ಅಷ್ಟಕ್ಕೇ ನಿರ್ದೋಷಿ ಎನ್ನಲು ಕಾನೂನು ಒಪ್ಪುವುದಿಲ್ಲ. ಆದರೂ ದಾಕ್ಷಾಯಿಣಿ ಬಾಗಿಲವರೆಗೆ ಹೋಗಿ ಹುಡುಗಿಯನ್ನು ಕಳಿಸಿಕೊಟ್ಟರು.

ಮರುದಿನ ಕಾರ್ಡನ್ನೇ ತರಿಸಿ ನೋಡಿದರು. ಹೊಸ ಮಾದರಿಯದು. ಮುಂದೆ ಬರೀ ಬ್ಯಾಂಕಿನ ಗುರುತು. ನಂಬರು, ಮುಗಿಯುವ ತಿಂಗಳು, ಮೂರಂಕಿಯ ಗುಟ್ಟು, ಎಲ್ಲವೂ ಹಿಂದೆ ಒಂದೇ ಕಡೆ. ಅದರ ಅಂಚಿಗೆ ಕುಂಕುಮ ಹತ್ತಿತ್ತು.

"ಇದೇನ್ರಿ ಕುಂಕುಮ?"

"ದೀಪಾವಳಿಗೆ ಅಂಗಡಿ ಲಕ್ಷ್ಮೀಪೂಜಿಗೆ ಇಟ್ಟಿದ್ದೆ. ಈಗ ರೊಕ್ಕ ಇರೂದು ಇದರಾಗ ಅಲ್ಲೇನ್ರಿ."

"ಯಾವ ಮಗ್ಗಲು ಮ್ಯಾಲಿತ್ತು?"

"ಅಂಕಿ ಇದ್ದದ್ದು. ಬೋಳು ಮಗ್ಗಲಕ್ಕ ಪೂಜಿ ಮಾಡಿದ್ರ ಏನ್ ಬಂತ್ರಿ?"

"ಫೋಟೋ ತಗದ್ರೇನು?"

ನೀಲಕಂಠಪ್ಪ ಹೆಮ್ಮೆಯಿಂದಲೇ ಮೊಬೈಲ್ ತೆಗೆದರು. ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ ಚಿತ್ರ. ಚೆಂಡುಹೂ, ಉತ್ತತ್ತಿ, ಬೆಳ್ಳಿ ತಟ್ಟೆ, ನಡುವೆ ಕಾರ್ಡು. ದಾಕ್ಷಾಯಿಣಿ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದರು. ಒಂದೊಂದು ಅಂಕಿಯೂ ಅರಳುಗಣ್ಣು ಬಿಟ್ಟುಕೊಂಡು ಕೂತಿತ್ತು.

"ಸಾಹುಕಾರ್ರ, ಕಾರ್ಡು ಕೈಯಾಗ ಐತಿ ಅನ್ನೂದಕ್ಕ ಈ ಮೂರಂಕಿನ ಸಾಕ್ಷಿ. ಹೊರದೇಶದ ಎಷ್ಟೋ ಅಂಗಡಿ ಓಟಿಪಿ ಕೇಳೂದಿಲ್ಲ, ನಂಬರಿನ ಜೊತಿ ಇಷ್ಟ ಇದ್ರ ಸಾಕು. ಅದನ್ನ ಯಾರಿಗೂ ಓದಿ ಹೇಳಬಾರದು, ತೋರಿಸಬಾರದು. ವಿದೇಶದ ಖರೀದಿ ಬ್ಯಾಂಕಿನ ಆ್ಯಪಿನ್ಯಾಗ ಬಂದ್ ಮಾಡಿ ಇಡಬೇಕು. ನೀವು ಆರತಿ ಮಾಡಿ ಊರಿಗೆಲ್ಲಾ ಹಂಚೀರಿ."

"ಊರಿಗಲ್ರಿ, ಮನಿ ಮಂದಿಗೆ."

"ಹೌದ್ರಿ. ಅದನ್ನ ನಾನೂ ಹೇಳಾಕತ್ತೇನಿ."

ಬ್ಯಾಂಕಿಗೂ ಗಡಿಯಾರದ ಅಂಗಡಿಗೂ ಪತ್ರ ಹೋದವು. ಇಪ್ಪತ್ತೈದರಂದು ಉತ್ತರ ಬಂತು: ಮಾಲು ತಲುಪಿದ್ದು ಬೆಂಗೇರಿಯ ಒಂದು ಮನೆಗೆ, ರಾಜಶೇಖರನ ಹೆಸರಿಗೆ. ನೀಲಕಂಠಪ್ಪನವರ ತೀರಿಹೋದ ಅಣ್ಣನ ಮಗ. ಸ್ವಂತ ಹೆಸರು, ಸ್ವಂತ ವಿಳಾಸ. ಕಳ್ಳತನದ ಅಭ್ಯಾಸ ಇದ್ದವನು ಹೀಗೆ ಮಾಡುವುದಿಲ್ಲ.

ಸಂಜೆ ನಾಲ್ಕಕ್ಕೆ ಪಂಚರ ಸಮಕ್ಷಮ ಮನೆ ಶೋಧಿಸಿದರು. ರಾಜಶೇಖರ ತಾನೇ ಕಪಾಟಿನ ಬಾಗಿಲು ತೆರೆದ. ಗಡಿಯಾರದ ಮೂರು ಡಬ್ಬಿಗಳು. 'ಸೀಲು ಒಡೆದಿಲ್ಲ' ಎಂದು ಪಂಚನಾಮೆಯಲ್ಲಿ ಬರೆದರು.

"ಮಾರಾಕ ತರಿಸಿದ್ದೇನು?"

"ಅಲ್ರಿ."

"ಮತ್ತ?"

ರಾಜಶೇಖರ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಪಂಚರ ಮುಂದಿಟ್ಟ. ಆರೂವರೆಗೆ ಬಂಧನ ದಾಖಲಾಯಿತು.

ಸುದ್ದಿ ತಿಳಿದ ನೀಲಕಂಠಪ್ಪ ಠಾಣೆಗೆ ಓಡಿ ಬಂದರು. "ಮೇಡಂ, ನಮ್ಮ ರಕ್ತ ಅದು. ಮನಿ ಮಾತು ಮನ್ಯಾಗ ಮುಗಸ್ತೇವಿ. ದೂರು ವಾಪಸ್ ತಗೋತೇನಿ."

"ಮೆರ್ಲಿನ್ ಆಗಿದ್ರ ತಗೋತಿದ್ರೇನ್ರಿ?"

ನೀಲಕಂಠಪ್ಪ ಎದ್ದು ಬಾಗಿಲ ಕಡೆ ತಿರುಗಿದರು.

"ಮೊದಲ ಆಕಿ ಮನಿಗೆ ಹೋಗ್ರಿ. ಆಕಿ ಕದ್ದಿಲ್ಲ ಅಂತ ನಿಮ್ಮ ಬಾಯಿಲೇ ಹೇಳಿ ಬರ್ರಿ, ನಾಕು ಮಂದಿ ಎದುರಿಗೆ."

ಅವರು ಹೋದ ಮೇಲೆ ರಾಜಶೇಖರ ಬಾಯಿ ಬಿಟ್ಟ.

"ಅಪ್ಪ ತೀರಿದ ಮ್ಯಾಲ ಆ ಅಂಗಡಿ ಪೂಜಿಗೆ ಬಾಳಿಕಂಬ ಕಟ್ಟಾಂವ ನಾನ್ರಿ. ಹ್ವಾದ ವರ್ಷ ಪಾಲು ಆತು. ಆದ್ರೂ ಕರೀತಾರ ಅಂತ ಹೊಸ ಅಂಗಿ ಹಾಕ್ಕೊಂಡು ಕುಂತಿದ್ದೆ. ಫೋಟೋ ಬಂತು. ಕಾಕಾ ಒಮ್ಮೆ ಬಂದು ಬೈಲಿ ಅನ್ನಿಸ್ತು, ಅದಕ್ಕ ನನ್ನ ಹೆಸರಿಗೇ ತರಿಸಿದೆ. ಬೈಯಾಕರ ಬರ್ತಾರಲ್ಲ."

"ಆ ಹುಡುಗಿ ಮ್ಯಾಲ ಹೋಗತೈತಿ ಅಂತ ತಿಳೀಲಿಲ್ಲೇನು?"

"ಶನಿವಾರನ ತಿಳೀತ್ರಿ, ಗುಂಪಿನ್ಯಾಗ ಕಾಕಾನ ಬರದಿದ್ರು." ಅವನು ಮುಖ ಮುಚ್ಚಿಕೊಂಡ. "ಸುಮ್ಮನಿದ್ದೆ."

ದಾಕ್ಷಾಯಿಣಿಗೆ ಅವನ ಮೇಲೆ ಮರುಕ ಹುಟ್ಟಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ತನ್ನನ್ನು ಹೊರಗಿಟ್ಟರೆಂದು ಉರಿದವನು ಇನ್ನೊಬ್ಬಳು ಹೊರಬಿದ್ದಾಗ ಬಾಯಿ ಬಿಟ್ಟಿರಲಿಲ್ಲ.

ನಿಜಾಮುದ್ದೀನ ಪೆನ್ನು ಹಿಡಿದು ಕಾದಿದ್ದ. "ಕಾರಣ ಏನಂತ ಬರೀಲ್ರಿ ಮೇಡಂ? ಹಣದಾಸೆ?"

"ಅಲ್ಲ," ಎಂದರು ದಾಕ್ಷಾಯಿಣಿ. "ಪೂಜೆಗೆ ಕರೆಯಲಿಲ್ಲ ಅಂತ ಬರಿ."