ತುದಿಯೂರಿಗೆ ಹೋಗದ ಬಡಗಿ

"ಅಯ್ಯೋ! ಹಾಡಹಗಲೇ ಬಾಗಿಲು ಕದೀತಿದ್ದೀರಲ್ರೀ!"

ಖಾಲಿ ಮನೆಯ ನಡುಕೋಣೆಯಿಂದ ಅವಳು ಕೂಗಿದ ರಭಸಕ್ಕೆ, ಕದವನ್ನು ಬೆನ್ನಿಗೆ ಹೊತ್ತಿದ್ದವನು ಮುಗ್ಗರಿಸಿ ನಿಂತ.

"ಕಳ್ಳ ಆಗಿದ್ರೆ ಒಳಗಿರೋದನ್ನ ಕದೀತಿದ್ದೆ, ಬಾಗಿಲನ್ನಲ್ಲ. ನಾನು ಬಡಗಿ. ಉಪ್ಪುಗಾಳಿಗೆ ಹಲಗೆ ಉಬ್ಬಿದೆ, ಸರಿ ಮಾಡೋಕೆ ಒಯ್ತಿದ್ದೀನಿ. ಅದಿರ್ಲಿ... ಬೀಗ ಹಾಕಿದ್ದ ಮನೆಯೊಳಗೆ ನೀವು ಹೇಗೆ ಬಂದ್ರಿ ಮೇಡಂ?"

ಅವಳ ಮುಖ ಕೆಂಪಾಯಿತು. ಅವಳು ಬಂದಿದ್ದು ಕಿಟಕಿ ಹತ್ತಿ!

ಅವನು ಜೋರಾಗಿ ನಕ್ಕುಬಿಟ್ಟ. ಆ ನಗುವಿಗೆ ಅವಳ ಎದೆ ಯಾಕೋ ತಾಳ ತಪ್ಪಿತು...

ಮೂರು ಕಡೆ ಸಮುದ್ರ, ಒಂದು ಕಡೆ ಮಾತ್ರ ನೆಲ. ಆ ನೀಳ ಭೂಮಿಯ ಮೇಲೆ ಚದುರಿಕೊಂಡಿದ್ದ ಹಳೇ ಕಾಲದ ಪುಟ್ಟ ಊರುಗಳ ಕಥೆ ಕಲೆಹಾಕಲು ನಗರದ ವಸ್ತುಸಂಗ್ರಹಾಲಯ ಅವಳನ್ನು ಕಳಿಸಿತ್ತು. ಸಂಜೆ, ತಾನು ಉಳಿದುಕೊಂಡಿದ್ದ ಮನೆಯಲ್ಲಿ ಊಟಕ್ಕೆ ಕೂತರೆ ಎದುರಿಗೆ ಅದೇ ಬಡಗಿ!

"ನನ್ನ ಅಣ್ಣನ ಮಗ ಕಣಮ್ಮ," ಎಂದರು ಮನೆಯೊಡತಿ. "ಬಾಗಿಲು ರಿಪೇರಿಗೆ ಅಂತ ಊರೂರು ಸುತ್ತುತ್ತಾನೆ. ಇವನ ಬೈಕ್ ಹತ್ತು. ನಡೆಯೋ ಕಷ್ಟ ತಪ್ಪುತ್ತೆ."

"ಆಗ್ಲಿ ಅತ್ತೆ. ಆದ್ರೆ ಕಿಟಕಿ ಹತ್ತೋರನ್ನ ಕರ್ಕೊಂಡು ಹೋದ್ರೆ ನನ್ನ ಮರ್ಯಾದೆ?" ಅವನು ತುಂಟತನದಿಂದ ಕೇಳಿದ.

ಹಾಗೆ ಶುರುವಾಯಿತು ಸುತ್ತಾಟ. ಸುಣ್ಣ ಸುಡುವವರ ಊರಿನಲ್ಲಿ ಗೋಡೆಯಿರಲಿ, ಬೆಕ್ಕಿನ ಮೈಮೇಲೂ ಬಿಳಿ ಪುಡಿ. ಹಗ್ಗ ಹೊಸೆಯುವವರ ಊರಿಗೆ ಒಂದೇ ಬೀದಿ, ಹೊಸೆದ ಹಗ್ಗವನ್ನು ಎಳೆದು ಬಿಗಿಯಲೆಂದೇ ಉದ್ದಕ್ಕೆ, ನೇರಕ್ಕೆ! ಅವಳಿಗೆ ಎಷ್ಟು ನೋಡಿದರೂ ಸಾಲದು.

"ಈ ಮನೆಗಳೆಲ್ಲ ಯಾಕೆ ಸಮುದ್ರಕ್ಕೆ ಬೆನ್ನು ಹಾಕಿವೆ?"

"ಗಂಡ ಹೆಂಡತಿ ಥರ ಮುನಿಸಿಕೊಂಡಿರ್ಬೇಕು."

ಜಗಲಿಯಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿದಳು. "ದಿನವಿಡೀ ಅದರ ಮುಖ ನೋಡಿ ಬಂದ ಗಂಡಸರಿಗೆ ಮನೇಲೂ ಅದನ್ನೇ ತೋರಿಸ್ಬೇಕೇನು?"

ಇಬ್ಬರೂ ಒಟ್ಟಿಗೆ ನಕ್ಕರು. ನಗು ನಿಂತ ಮೇಲೂ ಕಣ್ಣುಗಳು ಅಗಲಲಿಲ್ಲ...

ಆದರೆ ಒಂದೇ ಒಂದು ಊರು ಬಾಕಿ. ನೆಲದ ಕಟ್ಟಕಡೆಯ ತುದಿಯೂರು.

"ಅಲ್ಲಿಗೆ ಯಾವಾಗ?" ಎಂದರೆ ಒಮ್ಮೆ, "ದಾರಿ ಸರಿಯಿಲ್ಲ." ಇನ್ನೊಮ್ಮೆ, "ಅಲ್ಲೇನೂ ಇಲ್ಲ ಬಿಡಿ."

'ಏನೂ ಇಲ್ಲದ ಊರಿನ ಮಾತೆತ್ತಿದ್ರೆ ಇವನ ಕಣ್ಣು ಯಾಕೆ ತಗ್ಗುತ್ತೆ? ಅಲ್ಲಿ ಯಾರಾದ್ರೂ... ಇದ್ದಾಳಾ?'

ತಡೆಯಲಾಗದೆ ಒಂದು ಬೆಳಿಗ್ಗೆ ಒಬ್ಬಳೇ ನಡೆದು ಹೋದಳು.

ಅಲ್ಲಿ ಒಬ್ಬಳಿದ್ದಳು! ಅಂಗಳದ ಚಪ್ಪರದಡಿ ಕವುಚಿಟ್ಟಿದ್ದ ದೋಣಿಗೆ ಎಣ್ಣೆ ಸವರುತ್ತಿದ್ದಳು. ಬಡಗಿಯ ಮಾತು ಬರುತ್ತಲೇ ಅವಳ ಕೈ ನಿಂತಿತು.

"ಅವನು ನನ್ನ ಮೈದುನ. ಚೆನ್ನಾಗಿದ್ದಾನಾ?... ಈ ದೋಣಿ ಅವನೇ ಮಾಡಿದ್ದು, ಅಣ್ಣನಿಗೆ ಅಂತ. ಬಿರುಗಾಳಿಲಿ ನಮ್ಮವರು ಹೋಗ್ಬಿಟ್ರು. ತನ್ನ ದೋಣಿ ಒಡೆದೇ ಅಣ್ಣ ಸತ್ತ ಅಂದ್ಕೊಂಡು ಇವನು ಊರೇ ಬಿಟ್ಟ. ಆಮೇಲೆ ದೋಣಿ ಇಡಿಯಾಗಿ ದಡಕ್ಕೆ ಬಂತಮ್ಮ! ಅಲೆ ನಮ್ಮವರನ್ನ ಎಳ್ಕೊಂಡಿತ್ತು, ಅಷ್ಟೆ. ಹೇಳಿ ಕಳಿಸ್ದೆ. ಅತ್ತಿಗೆ ಸಮಾಧಾನಕ್ಕೆ ಹೇಳ್ತಾಳೆ ಅಂತ ನಂಬಲೇ ಇಲ್ಲ."

ಇವಳು ಓಡೋಡಿ ಹಿಂದಿರುಗಿ ಬಡಗಿಗೆ ಎಲ್ಲವನ್ನೂ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ನಿಮಗೆ ನೋಡೋಕೆ ಊರುಗಳು ಸಾಲ್ಲಿಲ್ವಾ? ನಮ್ಮನೆ ಸಾವನ್ನೂ ನೋಡ್ಬೇಕಿತ್ತಾ?"

ಚಾಟಿಯೇಟಿನಂಥ ಮಾತು! ಅವಳ ಕಣ್ಣು ತುಂಬಿತು.

"ಕೇಳದೆ ಹೋಗಿದ್ದು ತಪ್ಪು... ಆದ್ರೆ ಆ ಹಲಗೆಗಳ ಮೇಲೆ ಕೈಯಾಡಿಸಿ ಬಂದಿದ್ದೀನಿ. ಒಂದು ಬಿರುಕೂ ಇಲ್ಲ. ನನ್ನನ್ನ ನಂಬಬೇಡಿ. ಹೋಗಿ ನೋಡಿ."

ಮರುದಿನ ನಗರದ ಬಸ್ಸಿಗೆಂದು ಅವಳು ಚೀಲ ಹಿಡಿದು ಹೊರಬಂದಾಗ ಅವನ ಅತ್ತೆ ಬಾಗಿಲಲ್ಲಿದ್ದರು. "ಬೆಳಗಾಗ್ತಿದ್ದ ಹಾಗೇ ತುದಿಯೂರಿಗೆ ಹೋದ ಕಣಮ್ಮ. ಇಷ್ಟು ವರ್ಷ ಆದ್ಮೇಲೆ!"

ಚೀಲ ಅಲ್ಲೇ ಬಿತ್ತು.

ಅವಳು ಏದುಸಿರು ಬಿಡುತ್ತ ತಲುಪಿದಾಗ, ಅವನು ದೋಣಿಗೆ ಕೆನ್ನೆಯೊತ್ತಿ ಮಗುವಿನಂತೆ ಅಳುತ್ತಿದ್ದ. ಅವನ ತಲೆ ಸವರುತ್ತಿದ್ದ ಅತ್ತಿಗೆ ಇವಳನ್ನು ಕಂಡು, "ಒಲೆ ಮೇಲೆ ಹಾಲಿಟ್ಟಿದ್ದೆ," ಎಂದು ಒಳಗೆ ಸರಿದಳು.

"ಬಸ್ಸು ಹೋಗ್ಬಿಡುತ್ತೆ," ಎಂದನವನು, ಮುಖ ಒರೆಸಿಕೊಳ್ಳುತ್ತ.

"ಹೋಗ್ಲಿ."

"ನೆನ್ನೆ ನಾನು ಅಂದಿದ್ದು..."

"ನೋವಾಯ್ತು. ಆಗಿಲ್ಲ ಅಂತ ಸುಳ್ಳು ಹೇಳಲ್ಲ."

"ಕ್ಷಮಿಸಿ. ಮತ್ತೆ ದೋಣಿ ಕಟ್ಟೋ ಧೈರ್ಯ ಬಂದಿದೆ... ನೀವು ಜೊತೆಗಿದ್ರೆ. ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಹೋಗ್ಬೇಡಿ."

ಅವಳು ಅವನ ಒರಟು ಅಂಗೈಯೊಳಗೆ ತನ್ನ ಕೈಯಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಅಳುಕುತ್ತ ಕೇಳಿದ, "ನಿಮ್ಮನ್ನ... 'ನೀನು' ಅನ್ನಬಹುದಾ?"

ಅವಳು ಕಣ್ಣೀರಲ್ಲೇ ನಕ್ಕಳು.

"ಅದನ್ನ ಯಾರಾದ್ರೂ ಕೇಳಿ ಅಂತಾರೇನೋ, ಪೆದ್ದ?"