ಅಜ್ಜನ ಕೆಂಪು

ವರ್ಷ ತುಂಬಿತ್ತು, ಆದ್ರೂ ಸಂಗನಬಸವ ನೀಲಗಾರನ ಕಿವ್ಯಾಗಿಂದ ಆ ನಗಿ ಹೋಗಿರ್ಲಿಲ್ಲ. ಕುಂದಗೋಳದ ನಾಯಿ ಪ್ರದರ್ಶನದಾಗ ಕೂಡಿದ್ದ ಮಂದಿ ಎಲ್ಲಾ ಒಮ್ಮೆಲೇ ನಕ್ಕ ನಗಿ ಅದು. ಆ ಸಪ್ಪಳಕ್ಕ ಬೇವಿನ ಗಿಡದಾಗಿನ ಕಾಗಿ ಎದ್ದು ಹಾರಿ ಹೋಗಿ ಲಕ್ಷ್ಮೇಶ್ವರದಾಗ ಇಳದ್ವಂತ. ಇದರಾಗ ಸುಳ್ಳಿದ್ರ ಒಂದೆರಡು ಕಾಗಿ ಹೆಚ್ಚುಕಮ್ಮಿ ಇದ್ದೀತು, ಅಷ್ಟ.

ಸಂಗನಬಸವ ನವಲಗುಂದದಾಂವ. ನೂಲಿಗೆ ಬಣ್ಣ ಹಾಕೂದು ಅವನ ಮನಿತನದ ಕಸಬು. ಅವನ ಕೊಪ್ಪರಗಿಯಿಂದ ಎದ್ದ ನೂಲು ತಗೊಂಡು ಊರಾಗಿನ ಹೆಣ್ಮಕ್ಕಳು ಜಮಖಾನಿ ನೇಯತಿದ್ರು. ಅವನ ಅಜ್ಜ ಕಂಡಹಿಡದ ಒಂದು ಕೆಂಪಿತ್ತು. ಹಣ್ಣ ಮೆಣಸಿನಕಾಯಿಗೂ ಸುಟ್ಟ ಇಟ್ಟಂಗಿಗೂ ನಡುವಿನ ಕೆಂಪು. ಯಾವ ಬೇರು, ಎಷ್ಟು ಬೆಲ್ಲದ ನೀರು, ಎಷ್ಟೊತ್ತು ಕುದಿ, ಇದನ್ನ ಅಜ್ಜ ಅಪ್ಪನ ಕಿವ್ಯಾಗ ಹೇಳಿದ್ದ, ಅಪ್ಪ ಇವನ ಕಿವ್ಯಾಗ. ಹೇಂತಿ ಮಹಾನಂದಾಗೂ ಗೊತ್ತಿರ್ಲಿಲ್ಲ. ಕಡೀಕೆ ಎಲ್ಲಾ ನೀಲಗಾರರಂಗ ಒಂದು ಹಿಡಿ ಪಟಕ ಒಗೀಬೇಕು, ಅದೇನು ಗುಟ್ಟಲ್ಲ, ಕ್ಷೌರದಂಗಡ್ಯಾಗ ಗಲ್ಲಕ್ಕ ತಿಕ್ಕತಾರಲ್ಲ, ಅದ ಪಟಕ. ಅದು ಬಿತ್ತಂದ್ರ ಮುಗೀತು, ನೂಲು ಹರದು ಮಣ್ಣಾದ್ರೂ ಬಣ್ಣ ಬಿಡಂಗಿಲ್ಲ. "ಮೂರು ತಾಲ್ಲೂಕಿನ್ಯಾಗ ಈ ಕೆಂಪ ಇನ್ನೊಬ್ಬಾಂವ ತಗದು ತೋರಸ್ಲಿ, ಅವನ ಮನೀಗೆ ಸಾಯೂತನಕ ನೀರ ಹೊರತೀನಿ," ಅಂತಿದ್ದ ಸಂಗನಬಸವ. ಇನ್ನೂ ಯಾರ ಮನೀಗೂ ಒಂದು ಕೊಡ ನೀರ ಹೊತ್ತಿರ್ಲಿಲ್ಲ.

ಅಂಥಾವನ ಮನ್ಯಾಗ ಬಿಜಲಿ ಅಂತ ಒಂದು ಹೆಣ್ಣ ನಾಯಿ. ಮುಧೋಳ ತಳಿ, ಸಪೂರ ನಡ, ಉದ್ದ ಮೂತಿ. ಅದು ಓಡಿದ್ರ ಅದರ ನೆಳ್ಳು ಮರುದಿನ ಮುಂಜಾನಿ ಬಸ್ಸಿಗೆ ಬರತಿತ್ತು. ಖರೇ ಅಂದ್ರ ಓಟಕ್ಕಿಂತ ಅದರ ಮೈಬಣ್ಣ ದೊಡ್ಡದು. ಮುಧೋಳ ನಾಯಿ ಬಿಳಿ ಇರತಾವ, ಕಂದು ಇರತಾವ, ಕರಿ ಇರತಾವ, ಹುಲಿಪಟ್ಟಿ ಇದ್ದದ್ದೂ ನೋಡೀರಿ. ಬಿಜಲಿ ನೀಲಿ. ಅಗದಿ ಪಾರಿವಾಳದ ಕುತಗಿ ಹಂಗ, ಇನ್ನೇನು ಮಳಿ ಬಂತು ಅನ್ನೂ ಮುಗಿಲಿನಂಗ. ಮೂಗೂ ನೀಲಿ. ಹುಟ್ಟಿನಿಂದನ ಬಂದದ್ದು.

ಅದನ್ನ ಕುಂದಗೋಳಕ್ಕ ಒಯ್ದಿದ್ದ. ಶಲವಡಿ ಸಿದ್ಧಾರೂಢನೂ ಬಂದಿದ್ದ. ನವಲಗುಂದಕ್ಕೂ ಶಲವಡಿಗೂ ನಡುವ ಹೊಲ ಇದ್ದಾಂವ, ಐದು ವರ್ಷ ಮೊದಲನೇ ಬಹುಮಾನ ಇನ್ನೊಬ್ಬರಿಗೆ ಮುಟ್ಟಗೊಟ್ಟಿರ್ಲಿಲ್ಲ. ಬಿಜಲೀನ್ನ ನೋಡಿದ್ದ ತಡ, ಎದ್ದ ನಿಂತು ಒದರಿದ.

"ಏ, ಇಂವ ನೀಲಗಾರ ಅದಾನ್ರೋ! ನೂಲ ಅದ್ದೂ ಕೊಪ್ಪರಗ್ಯಾಗ ನಾಯೀನ ಅದ್ಕೊಂಡು ಬಂದಾನ!"

ಪಂಚರು ಹಸಿ ಅರಿವಿಲೆ ಒರಸಿದ್ರು. ಬಣ್ಣ ಬರಲಿಲ್ಲ. ಸೀಮಿಎಣ್ಣಿ ಹಾಕಿ ತಿಕ್ಕಿದ್ರು. ನಾಯಿ ಒದರಾಕತ್ತಿತು, ಬಣ್ಣ ಬರಲಿಲ್ಲ. ಸಂಗನಬಸವ ಎದಿ ಉಬ್ಬಿಸಿದ. ಆಗ ಸಿದ್ಧಾರೂಢ ತಣ್ಣಗ ಕೇಳಿದ, "ಅಲ್ಲಲೇ ಸಂಗ್ಯಾ, ನೀ ಹಾಕಿದ ಬಣ್ಣ ಎಂದಾದ್ರೂ ಬಿಟ್ಟೈತೇನು?"

"ನನ್ನ ಬಣ್ಣ? ಸತ್ರೂ ಬಿಡಂಗಿಲ್ಲ!"

ಮೂವತ್ತು ವರ್ಷ ಅಂದಂದು ರೂಢಿಯಾದ ಮಾತು, ನಾಲಿಗಿ ತಾನ ಅಂದುಬಿಟ್ಟಿತು. ಆಗ ಬಂತು ಆ ನಗಿ. ಬಹುಮಾನ ಸಿದ್ಧಾರೂಢನ ಟಂಟಂ ಗಾಡಿ ಏರಿ ಶಲವಡಿಗೆ ಹೋತು.

ನಾಯಿ ಅದ್ದೂ ಸಂಗ್ಯಾ ಅಂತ ಹೆಸರು ಬಿತ್ತು, ಅದನ್ನ ನುಂಗಿಕೊಂಡ. ಸೀಮಿಎಣ್ಣಿಗೆ ಬಿಜಲಿ ಮೈಯೆಲ್ಲಾ ಹುಣ್ಣಾಗಿ, ನಾಕು ಮಂದಿ ಕೂಡಿದ ಸಪ್ಪಳಾದ್ರ ಸಾಕು, ಹೊರಸಿನ ಬುಡಕ ಹೊಕ್ಕು ಉಚ್ಚಿ ಹೊಯ್ಯಾಕತ್ತಿತು. ಇದನ್ನ ಮಾತ್ರ ಅವಂಗ ನುಂಗಾಕ ಆಗಲಿಲ್ಲ. ಒಂದಿನ ಹೊರಸಿನ ಮುಂದ ಕುಕ್ಕರಗಾಲಿಲೆ ಕುಂತು ಬಿಜಲಿಗೆ ಮಾತ ಕೊಟ್ಟ. "ಅವನ ನಾಯೀನೂ ಮಂದಿ ಮುಂದ ಒರಸ್ತಾರವ್ವಾ. ಆವತ್ತು ಬಣ್ಣ ಬಿಡತೈತಿ."

ಈ ವರ್ಷದ ಪ್ರದರ್ಶನ ಅಣ್ಣಿಗೇರ್ಯಾಗ ಅಂತ ಗೊತ್ತಾತು. ಸಿದ್ಧಾರೂಢ ಸರದಾರ ಅನ್ನೂ ಹೊಸ ನಾಯಿ ತಂದಿದ್ದ. ಮೈಯೆಲ್ಲಾ ಹಾಲಿನಂಥ ಬಿಳಿ, ಎರಡು ಕಿವಿ ಮತ್ತ ಬೆನ್ನ ಮ್ಯಾಲೊಂದು ಮಚ್ಚಿ ಮಾತ್ರ ಕೆಂಪು. ಅಂಥಾ ಕೆಂಪ ನಾಯಿ ಮೈಮ್ಯಾಲ ಯಾರೂ ನೋಡಿರ್ಲಿಲ್ಲ. ಇದರ ಮ್ಯಾಲ ಸಿದ್ಧಾರೂಢ ತಾನ ಕಮಿಟಿಯವರ ಬೆನ್ನ ಹತ್ತಿ ಒಂದು ಕಾನೂನು ಮಾಡ್ಸಿದ್ದ. ಕಣಕ್ಕ ಇಳಿಯೂ ಪ್ರತಿ ನಾಯೀನೂ ಬಿಳಿ ಹಸಿ ಅರಿವಿಲೆ ಒರಸಬೇಕು. ಇದನ್ನ ಕೇಳಿದ ದಿನ ಸಂಗನಬಸವ ವರ್ಷದಾಗ ಮೊದಲನೇ ಸಲ ಎರಡು ರೊಟ್ಟಿ ಹೆಚ್ಚಿಗಿ ಉಂಡ.

ಯೋಚನಿ ಸರಳ ಇತ್ತು. ಸರದಾರನ ಕೆಂಪಿನ ಮ್ಯಾಲ ಅಂಥಾದ ಕೆಂಪ ಹಚ್ಚೂದು. ಒಣಗಿದ್ದಾಗ ಯಾರಿಗೂ ಕಾಣಬಾರ್ದು, ನೀರು ಸೋಕಿದ್ರ ಹರೀಬೇಕು. ಅಂದ್ರ ಪಟಕ ಹಾಕಬಾರ್ದು, ಅಷ್ಟ. ಜಗತ್ತಿನ ನೀಲಗಾರರೆಲ್ಲಾ ಬಣ್ಣ ಹಿಡಿಯೂದು ಹ್ಯಾಂಗ ಅಂತ ತಲಿ ಕೆಡಿಸಿಕೊಂಡ್ರ, ಇಂವ ಬಿಡಿಸೂದಕ್ಕ ಕುಂತ.

ಮೊದಲ ನಾಯೀದು ಸ್ನೇಹ ಮಾಡಬೇಕಾಗಿತ್ತು. ಸಿದ್ಧಾರೂಢನ ಹೊಲದ ಮನಿ ರಸ್ತಾಕ್ಕ ಹತ್ತಿ ಐತಿ, ಮಧ್ಯಾಹ್ನದಾಗ ಆಳುಗಳೆಲ್ಲಾ ಮೆಣಸಿನಕಾಯಿ ಬಿಡಸಾಕ ಹೋಗಿರತಾರ. ಸಂಗನಬಸವ ನೂಲಿನ ಗಂಟು ಗಾಡಿಗೆ ಕಟಗೊಂಡು, ಯಾಪಾರಕ್ಕ ಹೊಂಟಾವ್ರಂಗ ಅಲ್ಲಿ ಇಳದು, ಸರದಾರಗ ಕುದಿಸಿದ ತತ್ತಿ ಹಾಕತಿದ್ದ. ಲಿಂಗ ಕಟ್ಟಿದ ಮನಿ, ತತ್ತಿ ವಾಸನಿ ಏಳು ತಲಿಯಿಂದ ಹೊಸ್ತಿಲ ದಾಟಿರ್ಲಿಲ್ಲ. ಬಸ್‌ಸ್ಟ್ಯಾಂಡಿನ ಕೈಗಾಡಿ ಮುಂದ ಆ ಕಡೆ ಈ ಕಡೆ ಮೂರು ಸಲ ನೋಡಿ ತತ್ತಿ ಕೊಳ್ಳತಿದ್ದ. ಸೇಡಿನ ಕೆಲಸಕ್ಕ ಅವಂಗ ಒಂದಿನಾ ಅಂಜಿಕಿ ಆಗಲಿಲ್ಲ, ಆ ತತ್ತಿ ಕೊಳ್ಳೂ ಮುಂದ ಮಾತ್ರ ಟವಲ್ಲಿಲೆ ಮಾರಿ ಮುಚಗೊಳ್ಳತಿದ್ದ.

"ಏನರೀ ಇದು, ನಿಮ್ಮ ಬಕ್ಕಣ ಹಿಂಗ್ಯಾಕ ನಾರತೈತಿ?" ಅಂದ್ಲು ಮಹಾನಂದಾ, ಅಂಗಿ ಒಗಿಯೂ ಮುಂದ.

"ಬಣ್ಣದ ಬೇರು. ಹೊಸಾದು."

"ಬೇರಿನ್ಯಾಗಿಂದ ಇಂಥಾ ಹಳದಿ ಪುಡಿ ಬೀಳತೈತೇನ್ರಿ?"

"ನೀ ಒಗಿಯವಾ ಸುಮ್ನ!"

ತಿಂಗಳಾಗೂದ್ರಾಗ, ಊರ ಮಂದೀನ್ನೆಲ್ಲಾ ಕಡಿಯಾಕ ಹೋಗೂ ಸರದಾರ ಇವನ ಗಾಡಿ ಸಪ್ಪಳ ಕೇಳಿ ಬಾಲ ಅಳ್ಳಾಡಸಾಕತ್ತಿತು. ಒಂದಿನ ತತ್ತಿ ತಿನ್ನೂವಾಗ ಅದರ ಕಿವಿ ಕೂದಲ ನಾಕು ಕಿತಗೊಂಡು, ಕಾಗದದಾಗ ಮಡಚಿ ಮನೀಗೆ ತಂದ. ಪ್ಯಾಟಿ ಪುಡಿ ಐದು ಥರದ್ದು ಕಲಸಿ ನೋಡಿದ. ಒಂದು ಕುಂಕುಮ ಆತು, ಒಂದು ಗುಲಾಬಿ ಆತು, ಒಂದು ಕಾಮಾಲಿ ಹಿಡದವ್ರ ಕಣ್ಣಿನಂಗಾತು. ಕಡೀಕೆ ಅಜ್ಜನ ಕೆಂಪಿನ ನೂಲೊಂದರ ಬಾಜು ಕೂದಲಾ ಇಟ್ಟ. ಯಾವುದು ನೂಲು, ಯಾವುದು ಕೂದಲಾ, ಅವಂಗ ಗುರ್ತು ಹತ್ತಲಿಲ್ಲ. ಅಜ್ಜ ಮ್ಯಾಲಿಂದ ಆಶೀರ್ವಾದ ಮಾಡ್ಯಾನ ಅಂತ ತಿಳದು ಗ್ವಾಡಿ ಮ್ಯಾಲಿನ ಫೋಟೋಕ್ಕ ಕೈ ಮುಗದ.

ತನ್ನ ಮ್ಯಾಲ ಸಂಶೆ ಬರಬಾರ್ದಂದ್ರ ಏನ ಮಾಡಬೇಕು ಅನ್ನೂದೂ ಯೋಚನಿ ಮಾಡಿದ್ದ. ಪಂಚರು ಕುಂಡ್ರೂ ಕಟ್ಟಿ ಮ್ಯಾಲ ಹಾಸಾಕ ಒಂದು ಜಮಖಾನಿ ಬೇಕಂತ ಕಮಿಟಿಯವರು ಕೇಳಾಕ ಬಂದಾಗ, "ನಮ್ಮ ಮನೀದ ಒಯ್ರಿ. ಹ್ವಾದ ವರ್ಷದ್ದು ಮರತ ಬಿಟ್ಟೀನಿ," ಅಂದ. ಹತ್ತು ಮೊಳ ಉದ್ದಂದು, ಅಜ್ಜನ ಕೆಂಪಿನ ಪಟ್ಟಿ, ಬಿಳಿ ಪಟ್ಟಿ. ಮನಸಿನ್ಯಾಗ ಸೇಡ ಇದ್ದಾಂವ ಮನಿ ಜಮಖಾನಿ ಕೊಡತಾನೇನು? ಮಂದಿ ಹಿಂಗ ಅನಕೊಳ್ಳಲಿ ಅಂತ ಅವನ ಲೆಕ್ಕ. ಅದನ್ನ ನೇಯ್ದಾಕಿ ರಾಜಮಾಬಿ, ಇಪ್ಪತ್ತು ವರ್ಷ ಅವನ ನೂಲ ಹಿಡದಾಕಿ. ಕೇಳಿ ಮಗ್ಗ ಬಿಟ್ಟು ಎದ್ದ ಬಂದ್ಲು.

"ನಾಯಿ ಮುಂದ ಹಾಸಾಕ ನಾ ನೇಯ್ದಿಲ್ರಿ ಅಣ್ಣಾರ."

"ನಾಯಿಗಲ್ಲ ಬೇ ಅಕ್ಕಾ, ಪಂಚರ ಕಾಲಾಗ. ಬೇಕಾದ್ರ ನೀನ ಬಂದು ಕಾಯಿ."

"ಬರತೀನ್ರಿ ಮತ್ತ! ಚಪ್ಲಿ ಹಾಕ್ಕೊಂಡು ತುಳದ್ರ ಪಂಚರಿರ್ಲಿ, ಪಂಚರ ಅಪ್ಪ ಇರ್ಲಿ, ಬಿಡಂಗಿಲ್ಲ."

ಬರಲಿ, ಇನ್ನೂ ಚಲೋ ಆತು ಅನಕೊಂಡ ಸಂಗನಬಸವ. ತನ್ನ ದೊಡ್ಡ ಮನಸಿಗೆ ಒಂದು ಸಾಕ್ಷಿ.

ಪ್ರದರ್ಶನದ ದಿನ ಸಿದ್ಧಾರೂಢಂದು ಒಂದು ಪದ್ಧತಿ. ಮೊದಲ ಗುಡಿ, ಕಾಯಿ, ಆರತಿ, ಆಮ್ಯಾಲ ಕಣ. ಡ್ರೈವರನ್ನೂ ಕರಕೊಂಡ ಒಳಗ ಹೋಗತಿದ್ದ, ಅರ್ಧಾ ತಾಸು ಹೊರಗ ಬರತಿರ್ಲಿಲ್ಲ. ಅಣ್ಣಿಗೇರ್ಯಾಗೂ ಹಂಗ ಆತು. ಟಂಟಂ ಗಾಡಿ ಹುಣಸಿ ಗಿಡದ ನೆಳ್ಳಿಗೆ ನಿಂತಿತ್ತು, ಹಿಂದ ಸರದಾರ ಒಬ್ಬನ. ಸಂಗನಬಸವ ಕೈಗೆ ರಬ್ಬರಿನ ಚೀಲ ಹಾಕ್ಕೊಂಡು ಏರಿದ, ಎರಡು ತತ್ತಿ ಇಟ್ಟ, ಕುಂಚ ತಗದ. ಕೂದಲ ಹೊಳ್ಳಿದ ಕಡೇನ ಕುಂಚ ಹೊಳ್ಳಸ್ಕೊಂತ ಎಡಗಿವಿ, ಬಲಗಿವಿ, ಬೆನ್ನಿನ ಮಚ್ಚಿ. ಹಾಳಿ ಬೀಸಿ ಒಣಗಿಸಿದ. ದೂರ ನಿಂತು ನೋಡಿದ, ಬಾಗಿ ನೋಡಿದ, ಮುಟ್ಟಿ ನೋಡಿದ. ಹೆತ್ತ ತಾಯಿಗೂ ಗೊತ್ತಾಗ್ತಿರ್ಲಿಲ್ಲ. ಕುಂಚ, ಡಬ್ಬಿ, ಕೈಚೀಲ ಎಲ್ಲಾ ಹಾಳ ಬಾವಿಗೆ ಒಗದ. ನಿಂಬಿಹಣ್ಣಿಲೆ ಕೈ ತಿಕ್ಕಿದ, ಉಗುರ ಸಂದಿ ನೋಡಿಕೊಂಡ. ಅಂಗಿ ಮ್ಯಾಲ ಒಂದು ಹನಿ ಇಲ್ಲ. ಹೋಗಿ ಅರ್ಧಾ ಕಪ್ಪು ಚಹಾ ಕುಡದ. ಒಂದು ತಪ್ಪಿಲ್ಲ ಅನ್ನೂ ಸಮಾಧಾನಕ್ಕ ಇನ್ನರ್ಧಾ ಕಪ್ಪು ಕುಡದ.

ಕಣದಾಗ ಡಾಕ್ಟರ್ ಶಂಕ್ರಪ್ಪ, ದನದ ದವಾಖಾನ್ಯಾಗಿಂದ ರಿಟೈರ್ ಆದಾವ್ರು, ಬಿಳಿ ಪ್ಯಾಂಟು ಹಾಕ್ಕೊಂಡು ಒಂದೊಂದ ನಾಯಿ ಒರಸಾಕತ್ತಿದ್ರು. ಹುಲಿಪಟ್ಟಿ ಬಂತು, ಅರಿವಿ ಬೆಳ್ಳಗ. ಕರಿ ನಾಯಿ ಬಂತು, ಬೆಳ್ಳಗ. ಸಂಗನಬಸವ ಮುಂದಿನ ಸಾಲಿನ್ಯಾಗ ತೊಡಿ ಮ್ಯಾಲ ಕೈ ಇಟಗೊಂಡು ಕುಂತಿದ್ದ. ಸರದಾರ ಬಂತು. ಕಿವಿ ಒರಸಿದ್ರು. ಬೆನ್ನ ಒರಸಿದ್ರು. ಡಾಕ್ಟರು ಅರಿವಿ ಎತ್ತಿ ಹಿಡದ್ರು.

ಕೆಂಪು ತೊಟ್ಟಿಕ್ಕಾಕತ್ತಿತ್ತು.

"ನಾ ಹಚ್ಚಿಲ್ರಿ! ದೇವರಾಣಿ ನಾ ಹಚ್ಚಿಲ್ರಿ ಡಾಕ್ಟರ!" ಸಿದ್ಧಾರೂಢನ ಧ್ವನಿ ಆಡಿನ ಮರೀದಾಗಿತ್ತು. ಸಂಗನಬಸವ ಆ ಧ್ವನಿ ಕಣ್ಣ ಮುಚಗೊಂಡು ಕೇಳಿದ, ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಕರಗಿದಂಗಾತು. ಹೊರಸಿನ ಬುಡಕಿನ ಬಿಜಲಿ ನೆನಪಾತು. ಎದ್ದು ನಿಂತು, ಒಂದು ವರ್ಷದಿಂದ ಬಾಯಾಗ ಇಟಗೊಂಡಿದ್ದ ಮಾತು ಎಲ್ಲಾರಿಗೂ ಕೇಳೂವಂಗ ಕೇಳಿದ.

"ಯಾವ ಕೊಪ್ಪರಗ್ಯಾಗ ಅದ್ಕೊಂಡ ಬಂದೀಯೋ ಸಿದ್ಧಾರೂಢಾ?"

ಮಂದಿ ನಕ್ಕಿತು. ಈ ಸಲ ಕಾಗಿ ಲಕ್ಷ್ಮೇಶ್ವರಾನೂ ದಾಟಿ ಹೋದ್ವು.

ಆ ಗದ್ದಲಕ್ಕ ಸರದಾರ ಬೆದರಿ ಸರಪಳಿ ಕಿತಗೊಂಡು, ಡಾಕ್ಟರ ಬಿಳಿ ಪ್ಯಾಂಟಿಗೆ ಒಂದು ಒರಸು ಒರಸಿ, ಕಟ್ಟಿ ಏರಿ, ಮೈ ಹಸಿಯಾದ ನಾಯಿ ಏನ ಮಾಡತಾವೋ ಅದನ್ನ ಮಾಡಿತು, ಜಮಖಾನಿ ಮ್ಯಾಲ ಬಿದ್ದು ಹೊಳ್ಳ್ಯಾಡಿ ಹೊಳ್ಳ್ಯಾಡಿ ಕಿವಿ, ಬೆನ್ನ ತಿಕ್ಕಿತು. "ಯಾ ಅಲ್ಲಾ, ನನ್ನ ಜಮಖಾನಿ!" ಅಂತ ರಾಜಮಾಬಿ ಓಡಿ ಬಂದು ಮೊಣಕಾಲ ಊರಿ ಕಲೆ ಹುಡಿಕಿದ್ಲು. ಡಾಕ್ಟರ ಪ್ಯಾಂಟಿನ ಮ್ಯಾಲ ಕಲೆ ಇತ್ತು, ಬಿಳಿ ಪಟ್ಟಿ ಮ್ಯಾಲ ಕಲೆ ಇತ್ತು. ಕೆಂಪ ಪಟ್ಟಿ ಮ್ಯಾಲ, ನಾಯಿ ಅಷ್ಟ ತಿಕ್ಕಿದ್ರೂ, ಎಷ್ಟ ಹುಡಕಿದ್ರೂ ಒಂದು ಕಲೆ ಇಲ್ಲ. ಆಕಿ ಬಿಸಲಿಗೆ ಹೊಳ್ಳಿಸಿ ನೋಡಿದ್ಲು, ಬೆರಳಿಲೆ ತಿಕ್ಕಿ ಮೂಸಿ ನೋಡಿದ್ಲು, ಮಾರಿ ಅರಳಿತು. "ಡಾಕ್ಟರ, ಕೊಪ್ಪರಗಿ ಯಾವುದು ಅಂತ ನಾ ಹೇಳತೀನ್ರಿ! ಇದು ನಮ್ಮ ಸಂಗನಬಸಣ್ಣಾರ ಅಜ್ಜನ ಕೆಂಪ ಐತ್ರಿ, ಮೂರು ತಾಲ್ಲೂಕಿನ್ಯಾಗ ಇನ್ನೊಬ್ಬರ ಕೈಲೆ ಆಗಂಗಿಲ್ಲ," ಅಂತ ಹೆಮ್ಮಿಲೆ ಒದರಿ, ಮಂದಿ ಎಲ್ಲಾ ಸಂಗನಬಸವನ್ನ ನೋಡಾಕತ್ತಿದ ಮ್ಯಾಲ, ಮುಂದಿನ ಸಾಲಿನ್ಯಾಗ ಇನ್ನೂ ನಿಂತ ಇದ್ದ ಅವನ ಕಡೆ ಹೊಳ್ಳಿ, ಮನಿ ಮಂದೀನ್ನ ಕೇಳಿದಂಗ ಮರುಕದಿಂದ ಕೇಳಿದ್ಲು: "ಈ ಸಲ ಪಟಕ ಹಾಕೂದು ಮರತೀರೇನ್ರಿ ಅಣ್ಣಾರ?"