ಗಾಳಿ ತುಂಬುವ ಹೊತ್ತು

ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ತನಗೂ ಒಂದು ಆರಿಸಿಕೊಡು ಎಂದು ರೋವೀನಾ ಕೇಳಿದಾಗ, ಫರ್ಗಸ್‌ಗೆ ಯಾರೋ ತನ್ನ ಎದೆಯ ಗಾಳಿಯನ್ನೇ ಇಳಿಸಿದಂತಾಯಿತು.

ರೇನ್‌ಬೋ ಬೀಚಿನ ಮರಳಿಗೆ ಗಾಡಿ ಇಳಿಸುವ ಮೊದಲು ಎಲ್ಲರೂ ಟೈರಿನ ಗಾಳಿ ಕಡಿಮೆ ಮಾಡುತ್ತಾರೆ, ಇಲ್ಲದಿದ್ದರೆ ಚಕ್ರ ಹೂತುಹೋಗುತ್ತದೆ. ಡಾಂಬರು ರಸ್ತೆಗೆ ಮರಳಿದ ಮೇಲೆ ಮತ್ತೆ ತುಂಬಬೇಕು. ಪ್ರತಿ ಭಾನುವಾರ ರೋವೀನಾಳ ಗಾಡಿ ಫರ್ಗಸ್‌ನ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. ಅವನ ಹಳೆಯ ಕಂಪ್ರೆಸರ್ ಒಂದೆರಡು ಟೈರು ತುಂಬುವಷ್ಟರಲ್ಲಿ ಕಾದು ಸುಮ್ಮನಾಗುತ್ತಿತ್ತು. ಅದು ತಣಿಯುವವರೆಗೆ ಫ್ಲಾಸ್ಕಿನ ಟೀ, ಅವಳು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆಯ ಕಥೆಗಳು, ಉಪ್ಪುಗಾಳಿಗೆ ಹಣೆಗಂಟಿದ ಕೂದಲನ್ನು ಅವಳು ಕಿವಿಯ ಹಿಂದೆ ಸರಿಸುವ ಬಗೆ. ಅವನ ವಾರವೆಲ್ಲ ಆ ಹೊತ್ತಿಗಾಗಿಯೇ ಇತ್ತು. ಅವಳದೇ ಒಂದು ಬಂದರೆ ಇನ್ನು ಅವನ ಪಕ್ಕಕ್ಕೆ ಯಾಕೆ ಬರುತ್ತಾಳೆ?

ಮರ್ವ್ ಮುದುಕನ ಗಾಡಿ ಸಾಮಾನಿನ ಅಂಗಡಿಯಲ್ಲಿ ಅವನು ಪ್ರತಿಯೊಂದರಲ್ಲೂ ಕೊಂಕು ತೆಗೆದ. ಒಂದರ ಪೈಪು ಹಿಂದಿನ ಚಕ್ರಕ್ಕೆ ಎಟುಕುವುದಿಲ್ಲವಂತೆ. ಇನ್ನೊಂದಕ್ಕೆ ಗಲಾಟೆ ಜಾಸ್ತಿಯಂತೆ. ಬ್ಯಾಟರಿಗೇ ನೇರ ಕ್ಲಿಪ್ಪು ಹಾಕುವ, ಜೋಡಿ ಸಿಲಿಂಡರಿನ, ಏನೊಂದೂ ಕುಂದಿಲ್ಲದ್ದನ್ನು ಮರ್ವ್ ಮುಂದಿಟ್ಟಾಗ, ಬಣ್ಣ ಸರಿಯಿಲ್ಲ ಎಂದ.

ರೋವೀನಾ ಕಣ್ಣಂಚಿನಲ್ಲೇ ನಕ್ಕಳು. "ನಾನೇನು ಅದನ್ನ ತೊಟ್ಕೋಬೇಕಾ ಮಾರಾಯ?"

ಕೊನೆಗೆ, ಗಾಡಿಯೊಳಗಿನ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ ಪುಟಾಣಿಯೊಂದನ್ನು ಎತ್ತಿಕೊಂಡಳು. ಮುಂದಿನ ತಿಂಗಳು ಸಿಂಪ್ಸನ್ ಮರುಭೂಮಿ ದಾಟುವುದಕ್ಕೆ ಇದೇ ಸಾಕು ಎಂದಳು.

ಫರ್ಗಸ್ ಸುಮ್ಮನಿದ್ದುಬಿಡಬಹುದಿತ್ತು. ಅದು ಬೇಗ ಕೆಡುತ್ತದೆ, ಅವಳು ಮತ್ತೆ ಅವನ ಹತ್ತಿರವೇ ಬರುತ್ತಾಳೆ. ಆದರೆ ಕೆಡುವುದು ಬೀಚಿನಲ್ಲಲ್ಲ, ಯಾರೂ ಇಲ್ಲದ ಕೆಂಪು ಮರಳುದಿಬ್ಬಗಳ ನಡುವೆ.

"ಅದು ಬೇಡ ರೋ. ಅಲ್ಲಿನ ಬಿಸಿಲಿಗೆ ಕೈಕೊಡತ್ತೆ. ಆ ಜೋಡಿ ಸಿಲಿಂಡರಿಂದೇ ತಗೋ."

"ಬಣ್ಣ ಸರಿಯಿಲ್ಲ ಅಂದ್ಯಲ್ಲ?"

"ಬಣ್ಣ ಚೆನ್ನಾಗೇ ಇದೆ." ಅವನ ದನಿ ತಗ್ಗಿತು. "ಅದು ಬಂದ್ರೆ ನೀನು ನನ್ನ ಹತ್ರ ಬರೋದು ನಿಂತೋಗತ್ತಲ್ಲ, ಅದಕ್ಕೆ ಹಾಗಂದೆ."

ಬಿಲ್ಲು ಹಾಕಲು ಬಂದ ಮರ್ವ್ ಕನ್ನಡಕದ ಮೇಲಿಂದ ನೋಡಿದ. "ಯಾಕಮ್ಮಾ, ಹೋದ ಚಳಿಗಾಲದಲ್ಲಿ ತಗೊಂಡು ಹೋಗಿದ್ದ ಇಂಥದ್ದೇ ಪುಟಾಣಿ ಕೆಟ್ಟೋಯ್ತಾ?"

ರೋವೀನಾಳ ಕತ್ತಿನಿಂದ ಕೆನ್ನೆಯವರೆಗೂ ಕೆಂಪೇರಿತು.

"ಕೆಟ್ಟಿಲ್ಲ. ಡಬ್ಬಿನೇ ಬಿಚ್ಚಿಲ್ಲ," ಎಂದವಳು ಫರ್ಗಸ್‌ನತ್ತ ತಿರುಗಿದಳು. "ಬಿಚ್ಚಿದ್ರೆ ನಿನ್ನ ಪಕ್ಕ ಗಾಡಿ ನಿಲ್ಸೋಕೆ ನೆಪ ಎಲ್ಲಿತ್ತು?"

ಪುಟಾಣಿ ಬೀಚಿಗಷ್ಟೇ ಸಾಕೆಂದು ಅವಳಿಗೂ ಗೊತ್ತಿತ್ತು; ಅವನೇನು ಹೇಳುತ್ತಾನೋ ಕೇಳಬೇಕಿತ್ತು, ಅಷ್ಟೆ. ಮರುಭೂಮಿಗೆ ದೊಡ್ಡದೇ ಬೇಕು, ಜೊತೆಗೆ ಇನ್ನೊಬ್ಬರೂ ಬೇಕು ಎಂದು ಅವಳು ಕೌಂಟರಿನ ಮೇಲಿದ್ದ ಜೋಡಿ ಸಿಲಿಂಡರಿನ ಡಬ್ಬಿಗೆ ಹೇಳಿದಳು. ಆಮೇಲೆ ಮುಖವೆತ್ತಿ, "ಬರ್ತೀಯಾ?" ಎಂದಳು.

ಫರ್ಗಸ್ ಡಬ್ಬಿಯನ್ನು ಹೊತ್ತು ಹೊರನಡೆದು ಅವಳ ಗಾಡಿಯ ಹಿಂಬದಿಯಲ್ಲಿಟ್ಟ. ತನ್ನ ಗಾಡಿಯನ್ನು ಅಲ್ಲೇ ಬಿಟ್ಟು, ಅವಳ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದುಕೊಂಡ.

"ಹೊರಡೋದು ಮುಂದಿನ ತಿಂಗಳು ಕಣೋ," ಎಂದಳು ಹಿಂದೆಯೇ ಬಂದ ರೋವೀನಾ, ನಗು ತಡೆಯಲಾಗದೆ.

"ಪರವಾಗಿಲ್ಲ," ಎಂದ ಅವನು. "ಇಲ್ಲೇ ಕೂತಿರ್ತೀನಿ."